ಮೇಲಿನ ಗೇಟು

ದಿನಕ್ಕೆ ಇನ್ನೂರು ಗೇಟು ತೆಗೆಯುವವನು ನಾನು.
ಹೆಗಲಿಗೆ ಚೀಲ, ಕೈಯಲ್ಲಿ ಬಿಲ್ಲು ಹರಿಯುವ ಮಿಷನ್ನು.
ಗೋಪಾಳದ ನಾಯಿಗಳಿಗೆಲ್ಲ ನನ್ನ ಚಪ್ಪಲಿ ಪರಿಚಯ.
ಯಾರ ಮನೆಯ ಗೀಸರು ಮಧ್ಯಾಹ್ನವೂ ಉರಿಯುತ್ತದೆ,
ಯಾರು ಮೂರು ತಿಂಗಳು ಊರಲ್ಲಿರಲಿಲ್ಲ,
ಎಸಿ ಬಂದ ಮನೆಯಲ್ಲೇ ಯಾಕೆ ಬಾಕಿ ನಿಂತಿತು,
ಎಲ್ಲ ಗೊತ್ತು ನನಗೆ, ಅಂಕಿಗಳಲ್ಲಿ.
ಒಬ್ಬರೂ ಕೇಳಿಲ್ಲ ಈವರೆಗೆ
ಏನಯ್ಯಾ ನೋಡ್ತೀ ಅಂತ.

ಹೋದ ದೀಪಾವಳಿಯ ಬೋನಸ್ಸಿಗೆ ಡ್ರೋನು ತಂದೆ.
ಅಂಗೈಯಗಲ, ಇನ್ನೂರೈವತ್ತು ಗ್ರಾಮಿನೊಳಗೆ.
ನಂಬಿಕೆ ಸಾಲದೆ ಗಾಂಧಿಬಜಾರಿನಲ್ಲಿ
ಬಾಳೆಹಣ್ಣಿನ ತಕ್ಕಡಿಗಿಟ್ಟು ಇನ್ನೊಮ್ಮೆ ತೂಗಿಸಿದೆ.
ಎರಡು ಹಣ್ಣು, ಅಷ್ಟೇ, ಅಂತ ನಕ್ಕ ಬಾಬುಸಾಬ.

ಎರಡು ಹಣ್ಣು ಮೇಲೇರಿತು ಭಾನುವಾರ ಬೆಳಿಗ್ಗೆ.
ಹದಿನೇಳು ವರ್ಷ ಮೀಟರುಬೋರ್ಡಿನ ಎತ್ತರಕ್ಕೇ ನಿಂತಿದ್ದ ಕಣ್ಣು
ತಂತಿ ದಾಟಿ ಹೋಯಿತು.
ತುಂಗೆ ಅಲ್ಲಿ, ಬಿಸಿಲಿಗೆ ಒಣಹಾಕಿದ ತಗಡು.
ಇಲ್ಲಿ ಮೂವತ್ತೆರಡು ಕಪ್ಪು ಸಿಂಟೆಕ್ಸು, ಒಂದಕ್ಕೆ ಮುಚ್ಚಳವಿಲ್ಲ.
ನಡುವೆ ನಾನೇ, ಬೆರಳುದ್ದ, ಕತ್ತೆತ್ತಿಕೊಂಡು.
ನೆತ್ತಿ ಬೋಳಾಗಿದೆಯೆಂದು ಅವತ್ತು ತಿಳಿಯಿತು.

ಮೊದಲು ಬಂದವರು ಪಾರಿವಾಳದ ಹಾಲಸ್ವಾಮಿ.
ಹದ್ದು ಅಂದ್ಕೊಂಡು ನಾಲ್ಕು ಜೋಡಿ ಎದ್ದು ಹೋಗಿವೆ,
ನೀನೇ ಹೋಗಿ ಕರಕೊಂಡು ಬಾ.
ಎದುರುಮನೆಯ ಸರ್ವಮಂಗಳಮ್ಮ: ಸೊಳ್ಳೆ ಸದ್ದು ಕಣೋ,
ಹೊಡೆಯೋಕೂ ಆಗದ ಸೊಳ್ಳೆ.
ನಾನು ತೂಕದ ಮಾತು ಹೇಳಿದೆ, ಎತ್ತರದ ಮಾತು ಹೇಳಿದೆ,
ಹಸಿರು ಬಳಿದ ನಕ್ಷೆ ತೋರಿಸಿದೆ.
ನಕ್ಷೆಯ ನಮ್ಮ ಬೀದಿಯಲ್ಲಿ
ಮನುಷ್ಯರು ಇರಲಿಲ್ಲ.

ಫಿಲೋಮಿನಾ ಸಿಸ್ಟರು ಬಂದದ್ದು ಕೊನೆಗೆ.
ಮೆಗ್ಗಾನಿನ ರಾತ್ರಿಪಾಳಿ ಮುಗಿಸಿ, ಡೆಟ್ಟಾಲು ಇನ್ನೂ ಕೈಯಲ್ಲಿ,
ಗೇಟಿನ ಹೊರಗೇ ನಿಂತರು.
ನೋಡಿ ಸಿಸ್ಟರ್, ಫೋನು ಚಾಚಿದೆ,
ನಿಮ್ಮ ತಾರಸಿ ಎರಡೇ ಸೆಕೆಂಡು, ಅದೂ ಖಾಲಿ,
ಒಂದು ಪ್ಲಾಸ್ಟಿಕ್ ಕುರ್ಚಿ, ಅಷ್ಟೇ.

ಅವರು ಫೋನು ನೋಡಲಿಲ್ಲ.
"ನೀನು ನೋಡಿಲ್ಲ ಅಂತ ನಂಬ್ತೀನಪ್ಪ.
ನಂಬಬೇಕಾಗಿ ಬಂತಲ್ಲ, ಅದೇ ಕಷ್ಟ.
ರಾತ್ರಿಯಿಡೀ ಹತ್ತು ಮಂದಿ ನನ್ನ ಮುಖಾನೇ ನೋಡ್ತಿರ್ತಾರೆ,
ಉಳೀತಾರಾ ಸಿಸ್ಟರ್ ಅಂತ.
ಬೆಳಿಗ್ಗೆ ಆ ಕುರ್ಚೀಲಿ ಅರ್ಧ ಗಂಟೆ
ಮುಖ ತೆಗೆದಿಟ್ಟು ಕೂತಿರ್ತೀನಿ."

ಹೊರಟವರು ತಿರುಗಿ ಕೇಳಿದರು:
"ಮೀಟರಿಗೆ ಬಂದಾಗ ಕೂಗ್ತೀಯಲ್ಲ,
ಮೇಲಿಂದ ಬಂದ್ರೆ ಗೇಟಿಲ್ಲ ಅಂತಲಾ?"

ಹೌದಲ್ಲ.
ಇಷ್ಟು ವರ್ಷ ಯಾರೂ ಬಯ್ಯದಿದ್ದದ್ದು
ನನ್ನ ಯೋಗ್ಯತೆಗಲ್ಲ, ಆ ಕೂಗಿಗೆ.
ಮೀಟ್ರೂ... ಅಂದಕೂಡಲೇ ಒಳಗೆ
ಜಗಳ ದನಿ ತಗ್ಗಿಸುತ್ತಿತ್ತು, ಸೆರಗು ಹೆಗಲಿಗೇರುತ್ತಿತ್ತು,
ಅಳುತ್ತಿದ್ದವರು ಮೂಗೊರೆಸಿ ಬಾಗಿಲಿಗೆ ಬರುತ್ತಿದ್ದರು.
ನಾನು ಕಂಡದ್ದೆಲ್ಲ
ಅವರು ತೋರಿಸಿದ್ದು.

ಈಗ ಭಾನುವಾರ ಏಳೂವರೆಗೆ ಬೀದಿ ನಡುವೆ ನಿಂತು
ಡ್ರೋನೂ... ಅನ್ನುತ್ತೇನೆ.
ಹುಡುಗರು ಅಣಕಿಸುತ್ತಾರೆ.
ಹಾಲಸ್ವಾಮಿ ಬೈದುಕೊಂಡೇ ಗೂಡಿಗೆ ಗೋಣಿ ಹೊದಿಸುತ್ತಾರೆ.
ಒಂದು ಜೋಡಿ ಇನ್ನೂ ಬಂದಿಲ್ಲ.
ಇಳಿಸಿದ ಮೇಲೆ ಮೆಲ್ಲಗೆ ಬಂದು ಕೇಳುತ್ತಾರೆ,
ಮೇಲಿಂದ ಏನಾದ್ರೂ ಕಂಡವಾ?

ಹೋದ ವಾರ ಕೂಗಿದೆ.
ಸಿಸ್ಟರ ತಾರಸಿಯಿಂದ, ತಲೆ ಕಾಣಲಿಲ್ಲ, ದನಿ ಮಾತ್ರ:
"ಇವತ್ತು ಬೇಡಪ್ಪ."
ಯಾಕೆಂದು ಕೇಳಲಿಲ್ಲ.
ಬ್ಯಾಟರಿ ತುಂಬಿತ್ತು, ಗಾಳಿಯೂ ಇರಲಿಲ್ಲ.
ರೆಕ್ಕೆ ಮಡಚಿ ಡಬ್ಬಿಗೆ ಹಾಕಿದೆ.

ಮುಚ್ಚಳವಿಲ್ಲದ ಟ್ಯಾಂಕು ಯಾರದೆಂದು ಗೊತ್ತು.
ಇಪ್ಪತ್ತನೇ ತಾರೀಕು ಆ ಮನೆಯ ರೀಡಿಂಗು.
ಹೇಳಬೇಕು,
ಗೇಟಿನ ಹೊರಗೆ ನಿಂತು.